ಉರಿ, ಊತ, ಏಡಿ: ರೋಗದ ಪದಗಳು ಹುಟ್ಟಿದ ಕಥೆ

ಬಯಾಪ್ಸಿ ರಿಪೋರ್ಟ್ ಕೈಗೆ ಬಂದರೆ ಎಂಥವರಿಗೂ ಎದೆ ಧಸಕ್ ಅನ್ನುತ್ತದೆ. ನೆಕ್ರೋಸಿಸ್, ಹೈಪರ್‌ಪ್ಲೇಸಿಯಾ, ಮೆಟಾಪ್ಲೇಸಿಯಾ ಎಂದೆಲ್ಲ ಬರೆದಿರುತ್ತದೆ. ಓದಿದರೆ ಯಾವುದೋ ಮಂತ್ರದ ಹಾಗಿದೆ. ಆದರೆ ಬಿಡಿಸಿ ನೋಡಿದರೆ ಇವುಗಳಲ್ಲಿ ಎಷ್ಟೋ ಪದಗಳು ಯಾರೋ ಕಣ್ಣಾರೆ ಕಂಡದ್ದಕ್ಕೆ ಇಟ್ಟ ಸಾದಾ ಹೆಸರುಗಳು. ನೋಡುವ ರೀತಿ ಬದಲಾಯಿತು, ಹೆಸರು ಮಾತ್ರ ಹಾಗೇ ಉಳಿಯಿತು. ಗೊಂದಲ ಶುರುವಾಗುವುದೇ ಅಲ್ಲಿ.

ಒಂದನೇ ಶತಮಾನದ ರೋಮನ್ ಬರಹಗಾರ ಸೆಲ್ಸಸ್ ಉರಿಯೂತದ (ಇನ್‌ಫ್ಲಮೇಷನ್) ನಾಲ್ಕು ಲಕ್ಷಣಗಳನ್ನು ಬರೆದಿಟ್ಟ: ಕೆಂಪು, ಊತ, ಬಿಸಿ, ನೋವು. ಇನ್‌ಫ್ಲಮೇಷನ್ ಅನ್ನುವ ಪದದ ಲ್ಯಾಟಿನ್ ಬೇರಿನಲ್ಲಿ ಇರುವುದು ಬೆಂಕಿ ಮಾತ್ರ. ಕನ್ನಡದ 'ಉರಿಯೂತ' ಬೆಂಕಿಯನ್ನೂ ಹೇಳುತ್ತದೆ, ಊತವನ್ನೂ ಹೇಳುತ್ತದೆ. ನನ್ನ ಲೆಕ್ಕದಲ್ಲಿ ನಮ್ಮ ಪದವೇ ವಾಸಿ. ಗಾಯದ ಸುತ್ತಲಿನ ರಕ್ತನಾಳಗಳು ಹಿಗ್ಗಿದಾಗ ಜಾಗ ಕೆಂಪಾಗಿ ಬಿಸಿಯಾಗುತ್ತದೆ. ನಾಳದ ಗೋಡೆಯಿಂದ ನೀರು ಜಿನುಗಿದರೆ ಊತ. ಅಲ್ಲಿ ಬಿಡುಗಡೆಯಾಗುವ ರಾಸಾಯನಿಕಗಳು ನರವನ್ನು ಕೆಣಕಿದರೆ ನೋವು. 'ಐಟಿಸ್' ಎಂದು ಮುಗಿಯುವ ಹೆಚ್ಚಿನ ಕಾಯಿಲೆಗಳ ಒಳಗೆ ನಡೆಯುವುದು ಇದೇ. ಒಂದು ಮಾತು: ಉರಿಯೂತ ಅಂದರೆ ಸೋಂಕು ಅಲ್ಲ. ಬಿಸಿಲಿಗೆ ಚರ್ಮ ಸುಟ್ಟರೂ ಉರಿಯೂತ ಬರುತ್ತದೆ, ಅಲ್ಲಿ ಯಾವ ರೋಗಾಣುವೂ ಇಲ್ಲ.

ಸೆಲ್ಸಸ್ ಊತಕ್ಕೆ ಬಳಸಿದ ಪದವೇ ಟ್ಯೂಮರ್. ಇಂದು ಅದನ್ನು ಕೇಳಿದ ಕೂಡಲೇ ಕ್ಯಾನ್ಸರ್ ಎಂದು ಜನ ಹೆದರುತ್ತಾರೆ. ಟ್ಯೂಮರ್ ಅಂದರೆ ಗೆಡ್ಡೆ, ಅಷ್ಟೇ. ಇದ್ದಲ್ಲೇ ಇದ್ದು ಮೆಲ್ಲಗೆ ಬೆಳೆಯುವ ಗೆಡ್ಡೆಗಳೂ ಇವೆ. ಪಕ್ಕದ ಅಂಗಾಂಶಕ್ಕೆ ನುಗ್ಗುವ, ದೂರದ ಅಂಗಕ್ಕೆ ಹರಡಬಲ್ಲ ಗೆಡ್ಡೆಯೇ ಕ್ಯಾನ್ಸರ್. ಗ್ರೀಕ್ ವೈದ್ಯರು ಅದಕ್ಕೆ ಏಡಿಯ ಹೆಸರಿಟ್ಟರು. ಗೆಡ್ಡೆಯ ಸುತ್ತ ಉಬ್ಬಿದ ರಕ್ತನಾಳಗಳು ಏಡಿಯ ಕಾಲಿನಂತೆ ಕಂಡವು ಎಂಬ ವಿವರಣೆ ಹಳೆಯದು. ಕನ್ನಡದ 'ಏಡಿಗಂತಿ'ಯಲ್ಲೂ ಆ ಏಡಿಯೇ ಕೂತಿದೆ.

ಆಗೆಲ್ಲ ಕಾಯಿಲೆ ಅಂದರೆ ಮೈಯೊಳಗಿನ ರಸಗಳ ಏರುಪೇರು ಎಂಬ ನಂಬಿಕೆ. ಅದನ್ನು ಅಲುಗಿಸಿದ್ದು ಇಟಲಿಯ ಪಡುವಾದ ವೈದ್ಯ ಮೊರ್ಗಾಗ್ನಿ. ಸುಮಾರು 700 ಶವಪರೀಕ್ಷೆಗಳ ವಿವರವನ್ನು ಅವರು 1761ರಲ್ಲಿ ಪ್ರಕಟಿಸಿದರು, ಆಗ ಅವರಿಗೆ 79 ವರ್ಷ. ಅವರ ಪ್ರಶ್ನೆ ಒಂದೇ: ಈ ರೋಗ ಮೈಯಲ್ಲಿ ಎಲ್ಲಿ ಕೂತಿದೆ? ಅಂಗದಲ್ಲಿ ಎಂದು ಅವರು ತೋರಿಸಿದರು. ಫ್ರಾನ್ಸಿನ ವೈದ್ಯ ಬಿಷಾ ಇನ್ನೂ ಒಳಗೆ ಹೋಗಿ, ಅಂಗಾಂಶದಲ್ಲಿ ಎಂದರು. 21 ಬಗೆಯ ಅಂಗಾಂಶಗಳನ್ನು ಗುರುತಿಸಿದ ಅವರಿಗೆ ಸೂಕ್ಷ್ಮದರ್ಶಕದ ಮೇಲೆ ನಂಬಿಕೆಯೇ ಇರಲಿಲ್ಲ! 1802ರಲ್ಲಿ, 30ನೇ ವಯಸ್ಸಿಗೇ ತೀರಿಕೊಂಡರು.

1858ರಲ್ಲಿ ಬರ್ಲಿನ್ನಿನ ವೈದ್ಯ ರುಡಾಲ್ಫ್ ವಿರ್ಚೋ ರೋಗವನ್ನು ಜೀವಕೋಶದವರೆಗೆ ತಂದರು. ಥ್ರಾಂಬೋಸಿಸ್, ಎಂಬಾಲಿಸಂ ಅವರು ಚಲಾವಣೆಗೆ ತಂದ ಹೆಸರುಗಳು. ನಾಳದೊಳಗೆ ರಕ್ತ ಹೆಪ್ಪುಗಟ್ಟಿದರೆ ಮೊದಲನೆಯದು. ಆ ಹೆಪ್ಪು ಕಳಚಿ, ತೇಲಿಹೋಗಿ ಬೇರೆಲ್ಲೋ ಸಿಕ್ಕಿಕೊಂಡರೆ ಎರಡನೆಯದು.

ಹಾಗಂತ ವಿರ್ಚೋ ಹೇಳಿದ್ದೆಲ್ಲ ಸರಿಯಲ್ಲ. ಕೆಲವು ಅಂಗಗಳಲ್ಲಿ ಸೇರಿಕೊಂಡ ಒಂದು ವಸ್ತು ಅಯೋಡಿನ್ ಹಾಕಿದರೆ ಪಿಷ್ಟದಂತೆ ಬಣ್ಣ ತಿರುಗಿತು. 1854ರಲ್ಲಿ ಅವರು ಅದನ್ನು ಅಮಿಲಾಯ್ಡ್, ಅಂದರೆ ಪಿಷ್ಟದಂಥದ್ದು ಎಂದು ಕರೆದರು. ಐದೇ ವರ್ಷದಲ್ಲಿ ಅದು ಪಿಷ್ಟವಲ್ಲ, ಪ್ರೋಟೀನ್ ಜಾತಿಯದು ಎಂದು ಗೊತ್ತಾಯಿತು. ಹೆಸರನ್ನು ಮಾತ್ರ ಯಾರೂ ತಿದ್ದಲಿಲ್ಲ. ಕೀವಿನ ಕೋಶಗಳು ಗಾಯದ ಜಾಗದಲ್ಲೇ ಹುಟ್ಟುತ್ತವೆ ಎಂದೂ ಅವರು ತಿಳಿದಿದ್ದರು. ಅವರದೇ ಶಿಷ್ಯ ಕಾನ್‌ಹೈಮ್ 1867ರಲ್ಲಿ ಕಪ್ಪೆಯ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಡಿ ನೋಡುತ್ತಾ ಕೂತರು. ಬಿಳಿ ರಕ್ತಕಣಗಳು ನಾಳದ ಗೋಡೆಯಲ್ಲಿ ನುಸುಳಿ ಹೊರಬರುವುದು ಕಂಡಿತು. ಗುರುವಿನ ಮಾತು ಬಿದ್ದುಹೋಯಿತು.

ರಿಪೋರ್ಟಿನ ಉಳಿದ ಪದಗಳು ಜೀವಕೋಶದ ನಡವಳಿಕೆಯ ಹೆಸರುಗಳು. ಕೋಶಗಳು ದಪ್ಪಗಾದರೆ ಹೈಪರ್‌ಟ್ರೋಫಿ, ಸಂಖ್ಯೆಯಲ್ಲಿ ಜಾಸ್ತಿಯಾದರೆ ಹೈಪರ್‌ಪ್ಲೇಸಿಯಾ, ಅಂಗ ಸೊರಗಿದರೆ ಅಟ್ರೋಫಿ. ಸಿಗರೇಟಿನ ಹೊಗೆ ತಾಳಲಾರದೆ ಶ್ವಾಸನಾಳದ ಒಳಪದರ ಬೇರೆ ಬಗೆಯ, ಗಟ್ಟಿ ಕೋಶಗಳಿಗೆ ಜಾಗ ಬಿಟ್ಟುಕೊಟ್ಟರೆ ಮೆಟಾಪ್ಲೇಸಿಯಾ. ಕೋಶಗಳು ಆಕಾರ ಕೆಟ್ಟು, ಸಾಲು ತಪ್ಪಿ ಬೆಳೆದರೆ ಡಿಸ್‌ಪ್ಲೇಸಿಯಾ. ಇದು ಇನ್ನೂ ಕ್ಯಾನ್ಸರ್ ಅಲ್ಲ, ಆದರೆ ಸುಮ್ನೆ ಬಿಡುವಂಥದ್ದೂ ಅಲ್ಲ.

ಇನ್ನು ಸಾವಿನ ಹೆಸರುಗಳು. ನೆಕ್ರೋಸಿಸ್ ಅಂದರೆ ಕೋಶಗಳು ಪೆಟ್ಟು ತಿಂದು ಸಾಯುವುದು. ಕ್ಷಯದಲ್ಲಿ ಸತ್ತ ಭಾಗ ಚೀಸ್‌ನ ಹಾಗೆ ಪುಡಿಪುಡಿಯಾಗಿ ಕಾಣುತ್ತದೆ, ಹೆಸರೂ 'ಕೇಸಿಯಸ್', ಚೀಸಿನಂಥದ್ದು. ಇಲ್ಲೂ ಕಣ್ಣೇ ಮೊದಲು. ಆದರೆ ಕೆಲವು ಕೋಶಗಳು ಗದ್ದಲವಿಲ್ಲದೆ, ಉರಿಯೂತವನ್ನೂ ಎಬ್ಬಿಸದೆ ಕುಗ್ಗಿ ಹೋಗುತ್ತವೆ. ಗರ್ಭದಲ್ಲಿ ಮಗುವಿನ ಬೆರಳುಗಳು ಬಿಡಿಯಾಗುವುದು ನಡುವಿನ ಕೋಶಗಳು ಹೀಗೆ ಅಳಿದಾಗಲೇ. 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ವಿಜ್ಞಾನಿಗಳು ಇದಕ್ಕೆ ಹೊಸ ಹೆಸರು ಹುಡುಕಿದರು. ಗ್ರೀಕ್ ಪ್ರಾಧ್ಯಾಪಕರೊಬ್ಬರು ಅಪಾಪ್ಟೋಸಿಸ್ ಎಂದು ಸೂಚಿಸಿದರು. ಮರದಿಂದ ಎಲೆ ಉದುರುವುದು ಎಂದರ್ಥ. ಎರಡನೇ 'ಪ' ಉಚ್ಚರಿಸಬಾರದು ಎಂದು ಆ ಮೂವರು ಪ್ರಬಂಧದ ಅಡಿಟಿಪ್ಪಣಿಯಲ್ಲಿ ಹೇಳಿದ್ದರು. ಎಷ್ಟೋ ಜನ ಅದನ್ನು ಇಂದಿಗೂ ಉಚ್ಚರಿಸುತ್ತಾರೆ.