ಸ್ನೋಬೋರ್ಡ್ ಬಲ್ಲವರು ಸ್ನೋಕೈಟಿಂಗ್ ಅನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಎರಡು ಚಳಿಗಾಲಗಳಿಂದ ಸ್ನೋಬೋರ್ಡ್ ಅಭ್ಯಾಸ ಮಾಡುತ್ತಿದ್ದೇನೆ. ಗಾಳಿಪಟದ ಎಳೆತದಿಂದ ಹಿಮದ ಮೇಲೆ ಸಾಗುವ ಸ್ನೋಕೈಟಿಂಗ್ ಕಲಿಯಲು ಇದೇ ಬೋರ್ಡ್ ಸಾಕೇ, ಮೊದಲು ಸ್ಕೀ ಕಲಿಯಬೇಕೇ?

ಇದೇ ಬೋರ್ಡ್ ಸಾಕು. ಇದಕ್ಕಾಗಿಯೇ ಸ್ಕೀ ಕಲಿಯಬೇಕಾಗಿಲ್ಲ. ಆದರೆ ಮೊದಲ ದಿನ ಅದನ್ನು ಕಾಲಿಗೆ ಕಟ್ಟಿಕೊಳ್ಳಬೇಡಿ. ಇಳಿಜಾರಿನಲ್ಲಿ ನಿಮ್ಮನ್ನು ಎಳೆಯುವ ಗುರುತ್ವದ ದಿಕ್ಕು ಬದಲಾಗುವುದಿಲ್ಲ. ಪಟದ ಎಳೆತ ಹಾಗಲ್ಲ. ಅದು ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಸೆಕೆಂಡಿಗೆ 5 ಮೀಟರ್ ಇದ್ದ ಗಾಳಿ 7 ಮೀಟರ್ ಆದೊಡನೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಎರಡೂ ಪಾದಗಳು ಒಂದೇ ಹಲಗೆಗೆ ಬಿಗಿದಿರುವಾಗ ಒಂದು ಹೆಜ್ಜೆ ಮುಂದಿಟ್ಟು ಸಾವರಿಸಿಕೊಳ್ಳುವುದಕ್ಕೂ ಆಗುವುದಿಲ್ಲ.

ಆದ್ದರಿಂದ ಮೊದಲು 2-3 ಚದರ ಮೀಟರಿನ ತರಬೇತಿ ಪಟವನ್ನು ಬೂಟುಗಾಲಿನಲ್ಲೇ ನಿಂತು ಹಾರಿಸಿ. ಇದಕ್ಕೆ ಹಿಮವೂ ಬೇಕಿಲ್ಲ, ಬಯಲು ಸಾಕು. ಗಾಳಿಗೆ ಬೆನ್ನು ಮಾಡಿ ನಿಂತು ಎದುರಿನ ಆಕಾಶವನ್ನು ಗಡಿಯಾರವೆಂದು ಭಾವಿಸಿದರೆ, ನೆತ್ತಿಯ ಮೇಲಿನ 12 ಗಂಟೆಯ ಜಾಗದಲ್ಲಿಯೂ 9 ಮತ್ತು 3ರ ಅಂಚುಗಳಲ್ಲಿಯೂ ಪಟ ಮೃದುವಾಗಿರುತ್ತದೆ. ಎದುರಿಗೆ, ನಡುವಿನಲ್ಲಿ ಕೆಳಗಿಳಿದಾಗ ಅದರ ಪೂರ್ಣ ಬಲ ಮೈಮೇಲೆ ಬರುತ್ತದೆ. ನೋಡದೆಯೇ ಪಟ ಎಲ್ಲಿದೆಯೆಂದು ಕೈಗೆ ತಿಳಿಯುವವರೆಗೆ ದೊಡ್ಡ ಪಟವನ್ನು ಮುಟ್ಟದಿರುವುದು ಒಳ್ಳೆಯದು.

ಆಷಾಢದ ಗಾಳಿಯಲ್ಲಿ ಪಟ ಹಾರಿಸಿ ಬೆಳೆದ ನಮ್ಮ ಕೈಗಳು ಇಲ್ಲಿ ಮರೆಯಬೇಕಾದ ಅಭ್ಯಾಸವೊಂದಿದೆ. ಅಲ್ಲಿ ಪಟ ತಪ್ಪಿದರೆ ದಾರ ಸೆಳೆಯುತ್ತೇವೆ. ಸ್ನೋಕೈಟಿನಲ್ಲಿ ಪಟದ ದಾರಗಳು ಸೇರುವ ಹಿಡಿಗೋಲನ್ನು ಮೈಕಡೆ ಸೆಳೆದರೆ ಎಳೆತ ಹೆಚ್ಚುತ್ತದೆ, ದೂರ ತಳ್ಳಿದರೆ ತಗ್ಗುತ್ತದೆ. ಹೆದರಿದವರು ಗೋಲನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತಾರೆ, ಹೆಚ್ಚಿನ ಅಪಘಾತಗಳ ಬೇರು ಅಲ್ಲಿದೆ ಎಂದೇ ನನ್ನ ಭಾವನೆ. ಗೋಲನ್ನು ಬಿಡುವುದನ್ನೂ, ಅಷ್ಟಕ್ಕೂ ನಿಲ್ಲದಿದ್ದರೆ ತುರ್ತು ಬಿಡುಗಡೆಯ ಕೊಂಡಿಯನ್ನು ಕಳಚುವುದನ್ನೂ ದಪ್ಪ ಕೈಗವಸು ಹಾಕಿಕೊಂಡೇ ಹತ್ತಾರು ಬಾರಿ ಅಭ್ಯಾಸ ಮಾಡಿ.

ಬೋರ್ಡಿನ ಸರದಿ ಬಂದ ದಿನ ಗಾಳಿ ಗಂಟೆಗೆ 15ರಿಂದ 25 ಕಿಲೋಮೀಟರ್ ಇದ್ದು, ಏರಿಳಿತವಿಲ್ಲದೆ ಒಂದೇ ಸಮ ಬೀಸುತ್ತಿರಬೇಕು. ಪಟವನ್ನು 12ರಲ್ಲಿ ನಿಲ್ಲಿಸಿ, ಅದರ ಕಡೆ ಮುಖ ಮಾಡಿ ಹಿಮದ ಮೇಲೆ ಕುಳಿತುಕೊಳ್ಳಿ. ಬೋರ್ಡ್ ಗಾಳಿಗೆ ಅಡ್ಡವಾಗಿ, ಹಿಮ್ಮಡಿಯ ಅಂಚು ಹಿಮದಲ್ಲಿ ನಾಟಿಕೊಂಡಿರಲಿ. ಬಲಕ್ಕೆ ಹೋಗಬೇಕಾದರೆ ಪಟವನ್ನು ನಿಧಾನವಾಗಿ 1ರ ಕಡೆಗೆ ಇಳಿಸಿ. ಪಟಕ್ಕೆ ಕೊಂಡಿಯಿಂದ ಜೋಡಿಸಿಕೊಂಡ ಸೊಂಟದ ಪಟ್ಟಿ ಬಿಗಿಯುತ್ತದೆ, ಅದು ನಿಮ್ಮನ್ನು ಎಬ್ಬಿಸಲಿ. ತೋಳುಗಳಿಂದ ಏಳಲು ಹೋಗಬೇಡಿ. ಎದ್ದ ಕೂಡಲೇ ಬೋರ್ಡಿನ ಮೂತಿಯನ್ನು ಹೋಗುವ ದಿಕ್ಕಿಗೆ ತಿರುಗಿಸಿ, ವೇಗ ಬಂದ ಮೇಲೆ ಅಂಚನ್ನು ಒತ್ತಿ. ಈ ಒತ್ತುವಿಕೆ ಮಾತ್ರ ನಿಮಗೆ ಈಗಾಗಲೇ ಬರುವ ವಿದ್ಯೆ.

ಹಿಂತಿರುಗುವಾಗ ಮತ್ತೆ ಹಿಮ್ಮಡಿಯ ಅಂಚಿನಲ್ಲೇ ಬರಬೇಕಾದರೆ ಇನ್ನೊಂದು ಕಾಲನ್ನು ಮುಂದೆ ಮಾಡಿಕೊಂಡು ಸಾಗಬೇಕಾಗುತ್ತದೆ. ಎರಡೂ ಪಾದಗಳನ್ನು ಸಮನಾಗಿ ಹೊರಕ್ಕೆ ತಿರುಗಿಸಿದ ಬೈಂಡಿಂಗ್ (ಬೂಟನ್ನು ಬೋರ್ಡಿಗೆ ಬಿಗಿಯುವ ಸಾಧನ) ಇಲ್ಲಿ ನೆರವಾಗುತ್ತದೆ. ಗಾಳಿ ನಿಂತರೆ ಸ್ಕೀ ತೊಟ್ಟವರು ಜಾರಿಕೊಂಡು ಮನೆ ಸೇರುತ್ತಾರೆ, ನೀವು ಬೋರ್ಡ್ ಹೊತ್ತು ನಡೆಯಬೇಕು. ಆದ್ದರಿಂದ ಮೊದಲು ಗಾಳಿಗೆದುರಾಗಿ ಸಾಗಿ, ಹೊರಟ ಜಾಗದಿಂದ ಬಹುದೂರ ಹೋಗಬೇಡಿ.

ಪಟದ ವಿಷಯದಲ್ಲಿ, ಗಾಳಿ ತುಂಬಿಸಬೇಕಾದ ಕೊಳವೆಗಳಿಲ್ಲದ, ಬಟ್ಟೆಯಷ್ಟೇ ಇರುವ ಫಾಯಿಲ್ ಮಾದರಿ ಹಿಮಕ್ಕೆ ಒಗ್ಗುತ್ತದೆ. ಹಿಮದ ಘರ್ಷಣೆ ನೀರಿಗಿಂತ ಕಡಿಮೆಯಾದ್ದರಿಂದ ಸಮುದ್ರದಲ್ಲಿ ಬಳಸುವುದಕ್ಕಿಂತ ಚಿಕ್ಕ ಪಟ ಸಾಕು.

ಸ್ಥಳದ ಆಯ್ಕೆಯಲ್ಲಿ ರಾಜಿ ಬೇಡ. ಓಸ್ಲೋ-ಬರ್ಗೆನ್ ರೈಲುಮಾರ್ಗದ ಹೌಗಸ್ತೋಲ್ ನಿಲ್ದಾಣದ ಪಕ್ಕದಲ್ಲಿ ಹರಡಿರುವ ನಾರ್ವೆಯ ಹಾರ್ದಾಂಗರ್‌ವಿದ್ದ ಪ್ರಸ್ಥಭೂಮಿ ಈ ಆಟಕ್ಕೆ ಹೆಸರಾಗಿರುವುದು, ಮರಗಳಿಲ್ಲದ ವಿಶಾಲ ಬಯಲಿನಲ್ಲಿ ಗಾಳಿ ತಡೆಯಿಲ್ಲದೆ ಬೀಸುವುದರಿಂದ. ಅಲ್ಲಿ ತರಬೇತುದಾರರೂ ಸಿಗುತ್ತಾರೆ. ಗುಡ್ಡದ ಮರೆಯಲ್ಲಿ ಗಾಳಿ ಸುಳಿಯಾಗುತ್ತದೆ. ವಿದ್ಯುತ್ ತಂತಿ, ಬೇಲಿ ಇರುವಲ್ಲಿ ಪಟವನ್ನು ಬಿಚ್ಚಲೂ ಬಾರದು. ಪಟ ನಿಮ್ಮನ್ನು ಗುಡ್ಡದ ಮೇಲಕ್ಕೂ ಎಳೆದೊಯ್ಯಬಲ್ಲದು, ಆದರೆ ಹಿಮಕುಸಿತದ ಮುನ್ಸೂಚನೆಯನ್ನು ಓದಲು ಕಲಿಯುವವರೆಗೆ ಕಡಿದಾದ ಇಳಿಜಾರಿನತ್ತ ತಿರುಗಬೇಡಿ. ನಿಂತಾಗಲೆಲ್ಲ ಪಟವನ್ನು ನೆಲಕ್ಕಿಳಿಸಿ, ಅದರ ಹಿಂದಿನ ಅಂಚಿನ ಮೇಲೆ ನಾಲ್ಕು ಬೊಗಸೆ ಹಿಮ ಹೇರಿದ ನಂತರವೇ ಬೋರ್ಡಿನ ಪಟ್ಟಿ ಬಿಚ್ಚಿ.