ಕಲ್ಲಿನ ಹೆಸರು ಹೊತ್ತವರು

ಫ್ರೆಂಚ್ ಭಾಷೆಯಲ್ಲಿ ‘ಪಿಯರ್’ ಎಂದರೆ ಕಲ್ಲು. ಅದೇ ಅಕ್ಷರ, ಅದೇ ಉಚ್ಚಾರಣೆಯ ಆ ಪದವನ್ನು ಅಲ್ಲಿ ಗಂಡುಮಕ್ಕಳಿಗೆ ಹೆಸರಾಗಿಯೂ ಇಡುತ್ತಾರೆ. ಮತ್ತಾಯನ ಸುವಾರ್ತೆಯಲ್ಲಿ ಯೇಸು ಶಿಷ್ಯನಾದ ಸೀಮೋನನನ್ನು ಬಂಡೆ ಎಂಬ ಅರ್ಥದ ಹೆಸರಿನಿಂದ ಕರೆದು, ಈ ಬಂಡೆಯ ಮೇಲೆ ನನ್ನ ಸಭೆಯನ್ನು ಕಟ್ಟುತ್ತೇನೆ ಎನ್ನುವ ಪ್ರಸಂಗವಿದೆ. ಗ್ರೀಕಿನಲ್ಲಿ ಆ ಹೆಸರು ಪೆಟ್ರೋಸ್, ಬಂಡೆಗೆ ಪೆಟ್ರಾ. ಕನ್ನಡದ ಬೈಬಲಿನಲ್ಲಿ ಹೆಸರು ಪೇತ್ರನೆಂದಾಗಿ ಕಲ್ಲು ಬಂಡೆಯಾಗಿಯೇ ಉಳಿಯುವುದರಿಂದ ಶ್ಲೇಷೆ ಕಾಣೆಯಾಗುತ್ತದೆ. ಫ್ರೆಂಚಿನಲ್ಲಿ ಎರಡಕ್ಕೂ ಒಂದೇ ಪದವಾದ್ದರಿಂದ ಅದು ಪೂರ್ತಿಯಾಗಿ ನಿಲ್ಲುತ್ತದೆ. ನಾವು ಬಂಕಿನಲ್ಲಿ ಹಾಕಿಸುವ ಪೆಟ್ರೋಲಿನಲ್ಲಿ ಇರುವುದೂ ಇದೇ ಬೇರು: ಪೆಟ್ರೋಲಿಯಂ ಎಂದರೆ ಕಲ್ಲೆಣ್ಣೆ. ಉತ್ತರ ಕರ್ನಾಟಕದ ಕಲ್ಲಪ್ಪ, ಕಲ್ಲವ್ವರ ನಡುವೆ ಬೆಳೆದವರಿಗೆ ಇಂಥ ಹೆಸರು ಹೊಸದೆನಿಸಬೇಕಾಗಿಲ್ಲ.

ಪಿಯರ್ ಎಂಬ ಹೆಸರು ಹೊತ್ತ ಹಲವು ವಿಜ್ಞಾನಿಗಳ ಮತ್ತು ಊರುಗಳ ಕಥೆಯಲ್ಲಿ ನಿಜವಾದ ಕಲ್ಲು ಮತ್ತೆ ಮತ್ತೆ ಎದುರಾಗುತ್ತದೆ. ಇದರಲ್ಲಿ ನಿಗೂಢವೇನೂ ಇಲ್ಲ. ಫ್ರಾನ್ಸಿನಲ್ಲಿ ಶತಮಾನಗಳ ಕಾಲ ತೀರಾ ಸಾಮಾನ್ಯವಾಗಿದ್ದ ಹೆಸರಿದು; ಹೆಸರು ಅಷ್ಟು ಬಳಕೆಯಲ್ಲಿದ್ದಾಗ ಯಾವ ಕ್ಷೇತ್ರದಲ್ಲಿ ಹುಡುಕಿದರೂ ಒಬ್ಬ ಪಿಯರ್ ಸಿಗುತ್ತಾನೆ. ಸಂಖ್ಯೆಗಳ ಗುಣಗಳಲ್ಲಿ ಮುಳುಗಿದ್ದ ಪಿಯರ್ ದ ಫರ್ಮಾನಿಗಾಗಲಿ, ಗ್ರಹಗಳ ಚಲನೆಯ ಗಣಿತವನ್ನು ಬೆಳೆಸಿದ ಪಿಯರ್ ಸಿಮೋನ್ ಲಾಪ್ಲಾಸನಿಗಾಗಲಿ ಕಲ್ಲಿನ ಗೊಡವೆ ಇರಲಿಲ್ಲ. ಆದರೂ ಕಲ್ಲನ್ನು ಕಟ್ಟಿಕೊಂಡವರ ಕೆಲಸವನ್ನು ಒಂದೇ ಎಳೆಯಲ್ಲಿ ನೋಡಿದಾಗ, ನಿರ್ಜೀವವೆಂದು ನಾವು ಬದಿಗೆ ಸರಿಸುವ ವಸ್ತುವಿನೊಳಗೆ ಎಷ್ಟು ಸಂಗತಿಗಳು ಅಡಗಿವೆ ಎಂಬುದು ಮನದಟ್ಟಾಗುತ್ತದೆ.

ಮೊದಲನೆಯವನು ಪಿಯರ್ ಬೂಗೇರ್. ಭೂಮಿಯ ಆಕಾರವನ್ನು ಅಳೆಯಲು ಫ್ರಾನ್ಸಿನಿಂದ 1735ರಲ್ಲಿ ದಕ್ಷಿಣ ಅಮೆರಿಕಕ್ಕೆ ಹೊರಟ ತಂಡದಲ್ಲಿ ಅವನಿದ್ದ. ನ್ಯೂಟನ್ನನ ನಿಯಮದಂತೆ ಪ್ರತಿಯೊಂದು ವಸ್ತುವೂ ಇನ್ನೊಂದನ್ನು ಸೆಳೆಯುವುದಾದರೆ, ದೊಡ್ಡ ಬೆಟ್ಟದ ಪಕ್ಕದಲ್ಲಿ ಇಳಿಬಿಟ್ಟ ತೂಗುಗುಂಡು ನೆಟ್ಟಗೆ ನಿಲ್ಲದೆ ಬೆಟ್ಟದ ಕಡೆಗೆ ಒಂದಿಷ್ಟು ವಾಲಬೇಕು. ಗಾರೆ ಕೆಲಸದವರು ಗೋಡೆಯ ನೇರ ನೋಡಲು ಬಳಸುವ ಆ ಸರಳ ಸಲಕರಣೆಯಿಂದಲೇ, 1738ರಲ್ಲಿ ಈಗಿನ ಎಕ್ವಡಾರ್‌ನ ಚಿಂಬೊರಾಸೊ ಪರ್ವತದ ಬಳಿ, ನಕ್ಷತ್ರಗಳ ಸ್ಥಾನವನ್ನು ಆಧಾರವಾಗಿಟ್ಟುಕೊಂಡು ಬೂಗೇರ್ ಈ ವಾಲುವಿಕೆಯನ್ನು ಅಳೆಯಲು ಹೊರಟ. ವಾಲಿದ್ದೇನೋ ನಿಜ, ಆದರೆ ಲೆಕ್ಕ ಹೇಳಿದ್ದಕ್ಕಿಂತ ಬಹಳ ಕಡಿಮೆ.

ಇದೇ ಒಗಟು ಮುಂದೆ ಭಾರತದಲ್ಲಿ ಇನ್ನೂ ಸ್ಪಷ್ಟವಾಗಿ ಕಾಣಿಸಿಕೊಂಡಿತು. ಮಹಾ ತ್ರಿಕೋನಮಿತಿ ಸಮೀಕ್ಷೆಯವರು ಉತ್ತರ ಭಾರತದ ಕಲಿಯಾನಾ ಮತ್ತು ಮಧ್ಯ ಭಾರತದ ಕಲ್ಯಾಣಪುರಗಳ ನಡುವಿನ ಅಂತರವನ್ನು ನೆಲದ ಮೇಲೆ ಅಳೆದಾಗ ಬಂದ ಫಲಿತಾಂಶಕ್ಕೂ ನಕ್ಷತ್ರಗಳಿಂದ ಲೆಕ್ಕ ಹಾಕಿದ ಫಲಿತಾಂಶಕ್ಕೂ ಸುಮಾರು 5 ಸೆಕೆಂಡುಗಳ ವ್ಯತ್ಯಾಸವಿತ್ತು. ಇಲ್ಲಿ ಸೆಕೆಂಡು ಎಂದರೆ ಒಂದು ಡಿಗ್ರಿ ಕೋನದ 3600ನೇ ಒಂದು ಭಾಗ. ಹಿಮಾಲಯದ ಗಾತ್ರವನ್ನು ನೋಡಿದರೆ ವ್ಯತ್ಯಾಸ 15 ಸೆಕೆಂಡುಗಳನ್ನು ಮೀರಬೇಕಿತ್ತು. ಎತ್ತರದ ಪರ್ವತಗಳ ಕೆಳಗೆ ಹಗುರವಾದ ಶಿಲೆಯ ಬೇರು ಆಳಕ್ಕಿಳಿದಿದೆ, ನೀರಿನಲ್ಲಿ ತೇಲುವ ದಿಮ್ಮಿಯಂತೆ ಪರ್ವತವೂ ತನ್ನ ಕೆಳಗಿನ ಭಾರವಾದ ಪದರದ ಮೇಲೆ ತೇಲುತ್ತಿದೆ ಎಂಬ ವಿವರಣೆಯನ್ನು 1855ರಲ್ಲಿ ಇಂಗ್ಲೆಂಡಿನ ಖಗೋಳವಿಜ್ಞಾನಿ ಜಾರ್ಜ್ ಏರಿ ಕೊಟ್ಟ. ಒಂದು ಜಾಗದ ಗುರುತ್ವವನ್ನು ಅಳೆದು, ಎತ್ತರದ ಪರಿಣಾಮವನ್ನೂ ಸಮುದ್ರಮಟ್ಟದವರೆಗಿನ ಕಲ್ಲಿನ ಸೆಳೆತವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಉಳಿಯುವ ಹೆಚ್ಚುಕಡಿಮೆಗೆ ಭೂವಿಜ್ಞಾನಿಗಳು ಇಂದಿಗೂ ಬೂಗೇರನ ಹೆಸರನ್ನೇ ಬಳಸುತ್ತಾರೆ. ನೆಲವನ್ನು ಅಗೆಯದೆಯೇ ಅದಿರನ್ನೂ ಎಣ್ಣೆಯನ್ನೂ ಅರಸುವ ದಾರಿಗಳಲ್ಲಿ ಅದೂ ಒಂದು.

ಅಮೆರಿಕದ ದಕ್ಷಿಣ ಡಕೋಟ ರಾಜ್ಯದ ರಾಜಧಾನಿಯ ಹೆಸರೂ ಪಿಯರ್. ಅಲ್ಲಿನವರ ಬಾಯಲ್ಲಿ ಅದು ‘ಪೀರ್’. ತುಪ್ಪಳದ ವ್ಯಾಪಾರಿ ಪಿಯರ್ ಶೂತೋನ ಹೆಸರಿನಲ್ಲಿ ಮಿಸ್ಸೌರಿ ನದಿಯ ಪಶ್ಚಿಮ ದಂಡೆಯ ಮೇಲೆ 1832ರಲ್ಲಿ ಒಂದು ಕೋಟೆ ಎದ್ದಿತು; ಊರಿಗೆ ಹೆಸರು ಬಂದದ್ದು ಅಲ್ಲಿಂದಲೇ. ಆ ಕೋಟೆಯ ಸುತ್ತಲಿನ ಕಪ್ಪು ಬೂದು ಜೇಡಿಶಿಲೆಗೆ ಭೂವಿಜ್ಞಾನಿಗಳಾದ ಮೀಕ್ ಮತ್ತು ಹೇಡನ್ 1862ರಲ್ಲಿ ಆ ಜಾಗದ ಹೆಸರನ್ನೇ ಇಟ್ಟರು. ಕಲ್ಲೆಂಬ ಹೆಸರು ಮನುಷ್ಯನಿಂದ ಕೋಟೆಗೆ, ಕೋಟೆಯಿಂದ ಮರಳಿ ಕಲ್ಲಿಗೆ ಬಂದದ್ದು ಹೀಗೆ. 7 ಕೋಟಿ ವರ್ಷಗಳಿಗೂ ಹಿಂದೆ ಉತ್ತರ ಅಮೆರಿಕವನ್ನು ಎರಡಾಗಿ ಸೀಳಿದ್ದ ಸಮುದ್ರದ ತಳದ ಕೆಸರು ಅದು. ಅದರಲ್ಲಿ ಸುರುಳಿ ಚಿಪ್ಪಿನ ಅಮ್ಮೊನೈಟುಗಳೂ ಮೊಸಸಾರ್ ಎಂಬ ದೈತ್ಯ ಸಮುದ್ರ ಸರೀಸೃಪಗಳೂ ಸಿಗುತ್ತವೆ. ನೀರು ಹೀರಿ ಉಬ್ಬುವ ಜೇಡಿ ಅದರಲ್ಲಿ ಇರುವುದರಿಂದ ಅಲ್ಲಿನ ರಸ್ತೆಗಳು ಏರುಪೇರಾಗುತ್ತವೆ, ಗುಡ್ಡದ ಇಳಿಜಾರುಗಳು ಜಾರುತ್ತವೆ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಟ್ಟು ಮಳೆ ಬಿದ್ದೊಡನೆ ಉಬ್ಬಿ ಅಂಟುವ ನಮ್ಮ ಎರೆಮಣ್ಣನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡರಲ್ಲೂ ಇರುವುದು ಒಂದೇ ಜಾತಿಯ ಜೇಡಿ.

ಕೆರಿಬಿಯನ್ ಸಮುದ್ರದ ಮಾರ್ಟಿನೀಕ್ ದ್ವೀಪದ ಸೇಂಟ್ ಪಿಯರ್ ಪಟ್ಟಣದ ಕಥೆ ದಾರುಣವಾದದ್ದು. 1902ರ ಮೇ 8ರ ಬೆಳಗ್ಗೆ ಸುಮಾರು 8 ಗಂಟೆಗೆ ಪಕ್ಕದ ಪೆಲೆ ಜ್ವಾಲಾಮುಖಿಯಿಂದ ಕಾದ ಅನಿಲ, ಬೂದಿ ಮತ್ತು ಕಲ್ಲುಗಳ ಮೋಡವೊಂದು ಇಳಿಜಾರಿನಲ್ಲಿ ನುಗ್ಗಿ ಬಂದು, ಕೆಲವೇ ನಿಮಿಷಗಳಲ್ಲಿ ಸುಮಾರು 28,000 ಜನರನ್ನು ಬಲಿ ತೆಗೆದುಕೊಂಡಿತು. ಜ್ವಾಲಾಮುಖಿ ಎಂದರೆ ಮೆಲ್ಲಗೆ ಹರಿದುಬರುವ ಲಾವಾ ಎಂದು ತಿಳಿದಿದ್ದವರಿಗೆ, ಓಡಿ ಪಾರಾಗಲು ಅವಕಾಶವನ್ನೇ ಕೊಡದ ಇಂಥ ಪ್ರವಾಹವೂ ಉಂಟೆಂದು ತೋರಿಸಿಕೊಟ್ಟದ್ದು ಆ ಪಟ್ಟಣ. ಪ್ಯಾರಿಸಿನಿಂದ ಬಂದ ಆಲ್ಫ್ರೆಡ್ ಲಾಕ್ರ್ವಾ ಅಲ್ಲಿ ನಡೆಸಿದ ಅಧ್ಯಯನದ ಮೇಲೆ ಇಂದಿನ ಜ್ವಾಲಾಮುಖಿ ಶಾಸ್ತ್ರದ ಒಂದು ಮುಖ್ಯ ಅಧ್ಯಾಯವೇ ನಿಂತಿದೆ. ಪಟ್ಟಣದಲ್ಲಿ ಬದುಕುಳಿದ ಬೆರಳೆಣಿಕೆಯವರಲ್ಲಿ ಸಿಲ್ಬಾರಿಸ್ ಎಂಬ ಕೈದಿ ಒಬ್ಬ. ದಪ್ಪ ಕಲ್ಲುಗೋಡೆಯ ಸೆರೆಕೋಣೆಯೊಳಗೆ ಮೈ ಸುಟ್ಟುಕೊಂಡು ಬಿದ್ದಿದ್ದ ಅವನನ್ನು ಕೆಲವು ದಿನಗಳ ನಂತರ ಹೊರತೆಗೆದರು. ಆ ಕೋಣೆ ಇಂದಿಗೂ ಇದೆ.

ನಮ್ಮ ಪಠ್ಯಪುಸ್ತಕಗಳಿಗೆ ಎಲ್ಲರಿಗಿಂತ ಪರಿಚಿತನಾದ ಪಿಯರ್ ಕ್ಯೂರಿಯನ್ನು ಮೇರಿಯ ಗಂಡನೆಂದಷ್ಟೇ ನೆನೆದು ಮುಂದೆ ಸಾಗುವುದು ಅವನಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಮೇರಿಯನ್ನು ಕಾಣುವುದಕ್ಕೂ ಬಹಳ ಮೊದಲು, 1880ರಲ್ಲಿ, ಇನ್ನೂ 21ರ ಹುಡುಗನಾಗಿದ್ದಾಗಲೇ ಅವನು ಅಣ್ಣ ಜಾಕ್‌ನೊಡನೆ ಸೇರಿ, ಕೆಲವು ಹರಳುಗಳನ್ನು ಒತ್ತಿದರೆ ಅವುಗಳ ಮುಖಗಳಲ್ಲಿ ವಿದ್ಯುದಾವೇಶ ಮೂಡುವುದನ್ನು ಕಂಡುಹಿಡಿದ. ಅವರು ಪರೀಕ್ಷಿಸಿದ ಹರಳುಗಳಲ್ಲಿ ಬೆಣಚುಕಲ್ಲಿತ್ತು, ಟೂರ್ಮಲೀನ್ ಇತ್ತು, ಕಬ್ಬಿನ ಸಕ್ಕರೆಯೂ ಇತ್ತು. ಒತ್ತಿದಾಗ ಹರಳಿನೊಳಗಿನ ಧನ ಮತ್ತು ಋಣ ಆವೇಶಗಳು ಒಂದಕ್ಕೊಂದು ಸರಿಯುತ್ತವೆ. ಹರಳಿನ ರಚನೆಗೆ ಕೇಂದ್ರ ಸಮ್ಮಿತಿ, ಅಂದರೆ ನಡುಬಿಂದುವಿನ ಎದುರುಬದುರು ಒಂದೇ ಬಗೆಯ ಜೋಡಣೆ, ಇಲ್ಲದಿದ್ದರೆ ಆ ಸರಿತ ಪರಸ್ಪರ ಹೊಡೆದುಹೋಗದೆ ಹೊರಗೆ ತೋರುತ್ತದೆ. ಅಡುಗೆಮನೆಯ ಗ್ಯಾಸ್ ಲೈಟರನ್ನು ಅದುಮಿ ನೋಡಿ. ಬೆರಳಿನಡಿ ಮೊದಲು ಸ್ಪ್ರಿಂಗ್ ಬಿಗಿಯಾಗುತ್ತದೆ, ಆಮೇಲೆ ‘ಟಕ್’ ಎಂದು ಪುಟ್ಟ ಸುತ್ತಿಗೆಯೊಂದು ಸೆರಾಮಿಕ್ ತುಂಡಿಗೆ ಬಡಿಯುತ್ತದೆ. ಆ ಒಂದು ಪೆಟ್ಟಿಗೆ ಸಾವಿರಾರು ವೋಲ್ಟ್ ಹುಟ್ಟಿ ತುದಿಯಲ್ಲಿ ನೀಲಿ ಕಿಡಿ ಹಾರುತ್ತದೆ. ಬ್ಯಾಟರಿಯಿಲ್ಲದ ಆ ಕಿಡಿಯ ಹಿಂದಿರುವುದು ಅಣ್ಣತಮ್ಮಂದಿರ ಆ ಶೋಧ. ಬೆಣಚುಕಲ್ಲಿನಿಂದ ಅವರು ಮಾಡಿದ ಸೂಕ್ಷ್ಮ ಮಾಪಕವನ್ನು ಬಳಸಿಯೇ ಮೇರಿ ಯುರೇನಿಯಂ ಅದಿರಿನ ವಿಕಿರಣವನ್ನು ಅಳೆದಳು. ಅದಿರಿನಲ್ಲಿದ್ದ ಯುರೇನಿಯಂಗೆ ಹೊಂದದಷ್ಟು ಹೆಚ್ಚಿನ ವಿಕಿರಣ ಕಂಡದ್ದರಿಂದಲೇ 1898ರಲ್ಲಿ ಪೊಲೋನಿಯಂ ಮತ್ತು ರೇಡಿಯಂಗಳ ಸುಳಿವು ಸಿಕ್ಕಿತು. 1906ರ ಏಪ್ರಿಲ್ 19ರಂದು ಪ್ಯಾರಿಸಿನ ಬೀದಿಯಲ್ಲಿ ಕುದುರೆ ಗಾಡಿಯ ಚಕ್ರಕ್ಕೆ ಸಿಕ್ಕಿ ತೀರಿಕೊಂಡಾಗ ಪಿಯರ್‌ಗೆ 46 ವರ್ಷ.

ಅವನ ಹೆಸರು ಹೊತ್ತ ಇನ್ನೊಂದು ಶೋಧ ಕನ್ನಡ ನಾಡಿನ ಕಲ್ಲಿಗೂ ತಗುಲುತ್ತದೆ. ಕಬ್ಬಿಣದಂಥ ವಸ್ತು ಒಂದು ನಿರ್ದಿಷ್ಟ ಉಷ್ಣತೆಯನ್ನು ದಾಟಿದಾಗ ತನ್ನ ಬಲವಾದ ಕಾಂತಗುಣವನ್ನು ಕಳೆದುಕೊಳ್ಳುತ್ತದೆಂದು ಅವನು 1895ರಲ್ಲಿ ವಿವರಿಸಿದ. ಇದೇ ಕ್ಯೂರಿ ಬಿಂದು: ಕಬ್ಬಿಣಕ್ಕೆ 770 ಡಿಗ್ರಿ ಸೆಲ್ಸಿಯಸ್, ಮ್ಯಾಗ್ನೆಟೈಟ್ ಎಂಬ ಖನಿಜಕ್ಕೆ ಸುಮಾರು 580. ಕರಗಿದ ಲಾವಾ ಕಲ್ಲಾಗಿ, ಆ ಉಷ್ಣತೆಗಿಂತ ಕೆಳಗೆ ತಣಿಯುವಾಗ ಅದರೊಳಗಿನ ಮ್ಯಾಗ್ನೆಟೈಟ್ ಕಣಗಳು ಆಗಿನ ಭೂಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳಲ್ಲಿ ಹರಡಿರುವ ದಖ್ಖನ್ನಿನ ಕಪ್ಪು ಶಿಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಆ ಶಿಲಾಸ್ತರಗಳ ಕಾಂತದಿಕ್ಕನ್ನು ಅಳೆದಾಗ, ಅದು ಕಲ್ಲಾದಾಗ ಈ ನೆಲ ಭೂಮಧ್ಯರೇಖೆಗೆ ಬಹು ದೂರ ದಕ್ಷಿಣದಲ್ಲಿತ್ತು ಎಂಬುದು ತಿಳಿದುಬಂತು. ವಿಜಯಪುರದ ಗೋಳಗುಮ್ಮಟವನ್ನು ಕಟ್ಟಿರುವುದು ಇದೇ ಶಿಲೆಯಿಂದ. ನೆಲದಲ್ಲಿ ಹಾಸಿಕೊಂಡಿದ್ದಾಗ ಒಂದು ಪದರದ ಕಣಗಳೆಲ್ಲ ಒಂದೇ ದಿಕ್ಕು ತೋರುತ್ತಿದ್ದವು. ಗೋಡೆಗೆ ಏರಿದ ಮೇಲೆ ಪ್ರತಿ ಕಲ್ಲೂ ಕಲ್ಲುಕುಟಿಗ ಅದನ್ನು ತಿರುಗಿಸಿ ಕೂರಿಸಿದ ಕಡೆಗೆ ತನ್ನ ಹಳೆಯ ಉತ್ತರವನ್ನು ಹಿಡಿದುಕೊಂಡು ನಿಂತಿದೆ.