ಗೂನು ಬೇರೆ, ಡೊಂಕು ಬೇರೆ: ಸ್ಕೋಲಿಯೋಸಿಸ್ ಎಂಬ ಪದ

ಮೊಬೈಲ್ ನೋಡುತ್ತಾ ಕತ್ತು ಬಗ್ಗಿಸಿ ಕೂತ ಹುಡುಗನ ಚಿತ್ರ. ಕೆಳಗೆ ‘ನಿಮ್ಮ ಮಗುವಿಗೂ ಸ್ಕೋಲಿಯೋಸಿಸ್ ಬರಬಹುದು, ಎಚ್ಚರ’ ಎಂಬ ಸಾಲು. ಅದರ ಕೆಳಗೆ ಬೆಲ್ಟಿನ ಜಾಹೀರಾತು. ಈ ಬಗೆಯ ಪೋಸ್ಟ್ ಇನ್ನೆಷ್ಟು ಸಲ ನೋಡಬೇಕೋ ಗೊತ್ತಿಲ್ಲ. ಚಿತ್ರದಲ್ಲಿರುವುದು ಸ್ಕೋಲಿಯೋಸಿಸ್ ಅಲ್ಲ. ಮೊಬೈಲ್ ನೋಡಿದರೆ ಅದು ಬರುವುದಿಲ್ಲ. ಆ ಬೆಲ್ಟ್ ಕಟ್ಟಿದರೆ ಅದು ನಿಲ್ಲುವುದೂ ಇಲ್ಲ.

ಈ ಗೊಂದಲದ ಬಹುಪಾಲು ಹುಟ್ಟುವುದು ಸ್ಕೋಲಿಯೋಸಿಸ್ ಪದಕ್ಕೆ ಕೊಡುವ ‘ಗೂನುಬೆನ್ನು’ ಎಂಬ ಅನುವಾದದಿಂದ. ಗೂನು ಅಂದರೆ ಬೆನ್ನು ಹಿಂದಕ್ಕೆ ಉಬ್ಬಿ, ಮೈ ಮುಂದಕ್ಕೆ ಬಾಗುವುದು. ಮನುಷ್ಯನನ್ನು ಪಕ್ಕದಿಂದ ನೋಡಿದಾಗ ಕಾಣುವಂಥದ್ದು. ವೈದ್ಯರು ಅದನ್ನು ಕೈಫೋಸಿಸ್ ಅನ್ನುತ್ತಾರೆ. ಸ್ಕೋಲಿಯೋಸಿಸ್‌ನಲ್ಲಿ ಬೆನ್ನುಮೂಳೆ ಎಡಕ್ಕೋ ಬಲಕ್ಕೋ ವಾಲುತ್ತದೆ. ಅದನ್ನು ನೋಡಬೇಕಾದ್ದು ಹಿಂದಿನಿಂದ. ಗ್ರೀಕರು ಇವೆರಡಕ್ಕೂ ಬೇರೆ ಬೇರೆ ಪದ ಇಟ್ಟುಕೊಂಡಿದ್ದರು. ಸ್ಕೋಲಿಯೋಸ್ ಅಂದರೆ ಸೊಟ್ಟ, ಕೈಫೋಸ್ ಅಂದರೆ ಗೂನು. ಕನ್ನಡಕ್ಕೇನು ಪದದ ಬರ ಇಲ್ಲ. ಡೊಂಕು ಇದೆಯಲ್ಲ! ಕುಣಿಯಲಾರದವಳು ನೆಲ ಡೊಂಕು ಅಂದಳೇ ಹೊರತು ನೆಲ ಗೂನು ಅನ್ನಲಿಲ್ಲ. ಗೂನಜ್ಜಿಯನ್ನು ಡೊಂಕಜ್ಜಿ ಅಂತ ಯಾರೂ ಕರೆಯುವುದಿಲ್ಲ. ಮಾತಾಡುವಾಗ ಸರಿಯಾಗೇ ಇರುವ ನಾವು, ಬರೆಯಲು ಕೂತಾಗ ಮಾತ್ರ ಎರಡನ್ನೂ ಕಲಸಿಬಿಡುತ್ತೇವೆ.

‘ಕುಬ್ಜ’ ಪದಕ್ಕೂ ಇದೇ ಗತಿ ಆಗಿದೆ. ಸಂಸ್ಕೃತದಲ್ಲಿ ಕುಬ್ಜ ಅಂದರೆ ಗೂನು ಬೆನ್ನಿನವನು. ಮಂಥರೆ ಕುಬ್ಜೆ. ಮಥುರೆಯಲ್ಲಿ ಕೃಷ್ಣನಿಗೆ ಗಂಧ ಕೊಟ್ಟವಳೂ ಕುಬ್ಜೆ. ಇಬ್ಬರೂ ಗಿಡ್ಡ ಅನ್ನುವುದಲ್ಲ ಕಥೆಯ ವಿಷಯ, ಬೆನ್ನು ಬಾಗಿತ್ತು ಅನ್ನುವುದು. ಬೆನ್ನು ಬಾಗಿದವರು ಗಿಡ್ಡ ಕಾಣುತ್ತಾರೆ ಅಂತಲೋ ಏನೋ, ಕನ್ನಡದಲ್ಲಿ ಈಗ ಕುಬ್ಜ ಅಂದರೆ ಗಿಡ್ಡ ಅಂತಲೇ ಆಗಿಹೋಗಿದೆ. ಆಕಾಶದ ನಕ್ಷತ್ರವೂ ‘ಶ್ವೇತ ಕುಬ್ಜ’. ಅದಕ್ಕೆ ಬೆನ್ನೆಲ್ಲಿಂದ ಬಂತು? ಮಥುರೆಯ ಕುಬ್ಜೆಗೆ ತ್ರಿವಕ್ರೆ, ಅಂದರೆ ಮೂರು ಕಡೆ ಡೊಂಕಾದವಳು, ಎಂಬ ಹೆಸರೂ ಇದೆ. ಕೃಷ್ಣ ಅವಳ ಪಾದವನ್ನು ತನ್ನ ಪಾದದಿಂದ ಒತ್ತಿ ಹಿಡಿದು, ಗಲ್ಲಕ್ಕೆ ಎರಡು ಬೆರಳು ಕೊಟ್ಟು ಮೇಲಕ್ಕೆತ್ತಿದ; ಬೆನ್ನು ನೆಟ್ಟಗಾಯಿತು.

ಹೀಗೆ ಎಳೆದು ನೆಟ್ಟಗೆ ಮಾಡುವ ಆಸೆ ಗ್ರೀಕರಿಗೂ ಇತ್ತು. ರೋಗಿಯನ್ನು ಏಣಿಗೆ ಕಟ್ಟಿ, ಏಣಿಯನ್ನು ಮೇಲಿಂದ ಕುಕ್ಕುತ್ತಿದ್ದರು. ಹಿಪ್ಪೊಕ್ರೇಟಿಸ್ ಹೆಸರಿನಲ್ಲಿರುವ ಬರಹ ಇದರ ಬಗ್ಗೆ ಖಾರವಾಗೇ ಹೇಳುತ್ತದೆ: ಏಣಿ ಕುಕ್ಕಿ ಯಾರ ಬೆನ್ನೂ ನೆಟ್ಟಗಾದದ್ದು ಕಂಡಿಲ್ಲ, ಜನ ಬಾಯಿ ಬಿಟ್ಟು ನೋಡಲಿ ಅಂತ ಕೆಲವರು ಮಾಡುತ್ತಾರೆ, ಅಷ್ಟೇ. ‘ಲಟಕ್’ ಅನ್ನಿಸಿ ಒಂದೇ ಸಲಕ್ಕೆ ಬೆನ್ನು ಸರಿ ಮಾಡುವ ರೀಲ್ಸ್ ಆಗ ಇರಲಿಲ್ಲ ಅನ್ನುವುದೊಂದೇ ವ್ಯತ್ಯಾಸ.

ಡೊಂಕನ್ನು ಗೂನು ಅಂದುಕೊಳ್ಳಲು ಒಂದು ಕಾರಣವೇನೋ ಇದೆ. ಸ್ಕೋಲಿಯೋಸಿಸ್‌ನಲ್ಲಿ ಬೆನ್ನುಮೂಳೆ ಬರೀ ಪಕ್ಕಕ್ಕೆ ಬಾಗುವುದಿಲ್ಲ, ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಅದರ ಜೊತೆ ಪಕ್ಕೆಲುಬೂ ತಿರುಗಿ, ಬೆನ್ನಿನ ಒಂದು ಬದಿ ಉಬ್ಬುತ್ತದೆ. ಮಗು ಕಾಲು ಜೋಡಿಸಿ ಮುಂದಕ್ಕೆ ಬಗ್ಗಿದರೆ ಈ ಉಬ್ಬು ಎದ್ದು ಕಾಣುತ್ತದೆ. 19ನೇ ಶತಮಾನದ ಇಂಗ್ಲಿಷ್ ಸರ್ಜನ್ ವಿಲಿಯಂ ಆಡಮ್ಸ್ ಹೆಸರಿನ ಈ ಪರೀಕ್ಷೆಗೆ ಕಾಸು ಖರ್ಚಿಲ್ಲ. ಒಂದು ಹೆಗಲು ಮೇಲೆ, ಒಂದು ಕೆಳಗೆ ಇದೆಯಾ? ಲಂಗದ ಅಂಚು ಒಂದು ಕಡೆ ಇಳಿಯುತ್ತಾ? ಹಾಗಿದ್ದರೆ ಬಗ್ಗಿಸಿ ನೋಡಿ. ಎಕ್ಸ್‌ರೇಯಲ್ಲಿ ಡೊಂಕನ್ನು ಅಳೆಯುವುದು ಕಾಬ್ ಕೋನದಿಂದ, ಅಂದರೆ ಡೊಂಕಿನ ಮೇಲ್ತುದಿಯ ಮೂಳೆಗೂ ಕೆಳತುದಿಯ ಮೂಳೆಗೂ ನಡುವಿನ ಓರೆಯಿಂದ. ಅಮೆರಿಕದ ಮೂಳೆ ಸರ್ಜನ್ ಜಾನ್ ಕಾಬ್ 1948ರಲ್ಲಿ ಹೇಳಿಕೊಟ್ಟ ಲೆಕ್ಕ ಇದು. 10 ಡಿಗ್ರಿಗಿಂತ ಕಡಿಮೆ ಇದ್ದರೆ ಅದನ್ನು ಸ್ಕೋಲಿಯೋಸಿಸ್ ಎಂದು ಕರೆಯುವುದೇ ಇಲ್ಲ. ಹರೆಯದ ಮಕ್ಕಳಲ್ಲಿ ಕಾಣುವ ಡೊಂಕಿನಲ್ಲಿ ಹೆಚ್ಚಿನವಕ್ಕೆ ಕಾರಣ ಗೊತ್ತಿಲ್ಲ. ಶಾಲೆಯ ಬ್ಯಾಗು, ಕೂರುವ ಭಂಗಿ, ಮೆತ್ತನೆ ಹಾಸಿಗೆ ಇವನ್ನೆಲ್ಲ ಬೈದು ಪ್ರಯೋಜನವಿಲ್ಲ. ‘ನೆಟ್ಟಗೆ ಕೂತ್ಕೋ’ ಅಂತ ಮಗುವನ್ನು ಗದರಿಯೂ ಪ್ರಯೋಜನವಿಲ್ಲ, ಪಾಪ.

ಇನ್ನು ನಿಜವಾದ ಗೂನಿನ ವಿಷಯ. ನಮ್ಮ ದೇಶದಲ್ಲಿ ಬೆನ್ನಿನ ಒಂದು ಜಾಗದಲ್ಲಿ ಮೊನಚಾಗಿ ಗೂನು ಎದ್ದರೆ ವೈದ್ಯರಿಗೆ ಮೊದಲು ನೆನಪಾಗುವ ಕಾಯಿಲೆಗಳಲ್ಲಿ ಕ್ಷಯ ಒಂದು. 1779ರಲ್ಲಿ ಇಂಗ್ಲಿಷ್ ಸರ್ಜನ್ ಪರ್ಸಿವಲ್ ಪಾಟ್ ಇದನ್ನು ವಿವರಿಸಿದ್ದರಿಂದ ಪಾಟ್ಸ್ ಕಾಯಿಲೆ ಅಂತ ಹೆಸರು. ಇಲ್ಲಿ ಮೊದಲು ಬೇಕಾದ್ದು ಟಿಬಿ ಮಾತ್ರೆ. ವಾರಾಣಸಿಯಲ್ಲಿದ್ದ ಮೂಳೆ ಸರ್ಜನ್ ಎಸ್.ಎಂ. ತುಲಿ ಇದಕ್ಕೆ ‘ಮಧ್ಯಮ ಮಾರ್ಗ’ ಹಾಕಿಕೊಟ್ಟರು: ಎಲ್ಲರಿಗೂ ಔಷಧಿ, ಅದರಿಂದ ಗುಣವಾಗದವರಿಗೆ, ರೋಗದಿಂದ ಕುಂದಿದ ಕಾಲಿನ ಬಲ ಮರಳದವರಿಗೆ ಮಾತ್ರ ಆಪರೇಷನ್. ಜ್ವರ, ತೂಕ ಇಳಿಯುವುದು, ರಾತ್ರಿ ಬೆನ್ನುನೋವು ಇರುವವರು ಬೆಲ್ಟ್ ಕಟ್ಟಿಕೊಂಡು ತಿಂಗಳುಗಟ್ಟಲೆ ಕಾದರೆ ಕಾಲಿನ ಬಲವೇ ಹೋಗಬಹುದು.

ಈಗ ಆ ಬೆಲ್ಟಿಗೆ ಬರೋಣ. ಬ್ರೇಸ್ ಬೇರೆ, ಬೆಲ್ಟ್ ಬೇರೆ. ಆನ್‌ಲೈನಿನಲ್ಲಿ ಎಸ್, ಎಂ, ಎಲ್ ಸೈಜಿನಲ್ಲಿ ಸಿಗುವ, ಹೆಗಲನ್ನು ಹಿಂದಕ್ಕೆಳೆಯುವ ಪಟ್ಟಿ ಬ್ರೇಸ್ ಅಲ್ಲ, ಮಾರುವವರು ಏನೇ ಬರೆದುಕೊಳ್ಳಲಿ. ಸ್ಕೋಲಿಯೋಸಿಸ್ ಬ್ರೇಸ್ ಗಟ್ಟಿ ಪ್ಲಾಸ್ಟಿಕ್ಕಿನ ಕವಚ. ಮಗುವಿನ ಮೈಯ ಅಚ್ಚು ತೆಗೆದೋ ಸ್ಕ್ಯಾನ್ ಮಾಡಿಯೋ, ಎಕ್ಸ್‌ರೇ ಎದುರಿಗಿಟ್ಟುಕೊಂಡು ಮಾಡಿದ್ದು. ಡೊಂಕು ಉಬ್ಬಿರುವ ಕಡೆ ಒಳಗಿನಿಂದ ಪ್ಯಾಡ್ ಒತ್ತುತ್ತದೆ, ಎದುರು ಬದಿಯಲ್ಲಿ ಮೈ ಸರಿಯಲು ಜಾಗ ಬಿಟ್ಟಿರುತ್ತಾರೆ. 1940ರ ದಶಕದ ಮಿಲ್ವಾಕಿ ಬ್ರೇಸ್‌ನಲ್ಲಿ ಕುತ್ತಿಗೆಗೆ ಲೋಹದ ಬಳೆಯೂ ಇತ್ತು. 70ರ ದಶಕದಲ್ಲಿ ಬಂದ ಬಾಸ್ಟನ್ ಬ್ರೇಸ್ ತೋಳಿನ ಕೆಳಗೇ ನಿಲ್ಲುತ್ತದೆ, ಅಂಗಿಯೊಳಗೆ ಅಡಗುತ್ತದೆ.

ಇನ್ನೊಂದು ತಪ್ಪು ತಿಳುವಳಿಕೆ: ಬ್ರೇಸ್ ಹಾಕಿದರೆ ಡೊಂಕು ಹೋಗುತ್ತದೆ ಅನ್ನುವುದು. ಬ್ರೇಸ್‌ನ ಕೆಲಸ ಡೊಂಕು ಜಾಸ್ತಿಯಾಗದಂತೆ ತಡೆಯುವುದು. ಅದೂ ಮಗು ಬೆಳೆಯುತ್ತಿರುವಾಗ ಮಾತ್ರ. ಸಾಮಾನ್ಯವಾಗಿ 25ರಿಂದ 40 ಡಿಗ್ರಿ ಡೊಂಕಿದ್ದು, ಬೆಳವಣಿಗೆ ಇನ್ನೂ ಸಾಕಷ್ಟು ಬಾಕಿ ಇರುವ ಮಕ್ಕಳಿಗೆ ಇದನ್ನು ಹೇಳುತ್ತಾರೆ. ಎಷ್ಟು ಬಾಕಿ ಇದೆ ಅಂತ ಸೊಂಟದ ಮೂಳೆಯ ಅಂಚು ನೋಡಿ ಅಂದಾಜು ಮಾಡುತ್ತಾರೆ, ಅದಕ್ಕೆ ರಿಸ್ಸರ್ ಲೆಕ್ಕ ಅಂತಾರೆ. ಬೆಳವಣಿಗೆ ಮುಗಿದವರಿಗೆ ಈ ಬ್ರೇಸ್‌ನಿಂದ ಡೊಂಕು ತಿದ್ದುವುದಿಲ್ಲ. ಮೂವತ್ತರ ಪ್ರಾಯದವರಿಗೆ ‘ಸ್ಕೋಲಿಯೋಸಿಸ್ ಕರೆಕ್ಟರ್’ ಮಾರುವವರಿಗೆ ಇದು ಗೊತ್ತಿಲ್ಲವೋ, ಗೊತ್ತಿದ್ದೂ ಸುಮ್ನಿದ್ದಾರೋ!

ಬ್ರೇಸ್ ನಿಜಕ್ಕೂ ಕೆಲಸ ಮಾಡುತ್ತಾ ಅನ್ನುವ ಜಗಳ ವೈದ್ಯರಲ್ಲೇ ಬಹಳ ಕಾಲ ನಡೆದಿತ್ತು. ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2013ರಲ್ಲಿ ಪ್ರಕಟವಾದ ಮೇಲೆ ಅದು ತಣ್ಣಗಾಯಿತು. ಬ್ರೇಸ್ ಹಾಕಿದವರಲ್ಲಿ ಶೇ. 72 ಮಕ್ಕಳ ಡೊಂಕು 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಯಿತು. ಬರೀ ಗಮನಿಸುತ್ತಾ ಬಿಟ್ಟವರಲ್ಲಿ ಶೇ. 48. ಫಲಿತಾಂಶ ಅಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ಮೊದಲೇ ನಿಲ್ಲಿಸಿದರು. ದಿನಕ್ಕೆ 18 ಗಂಟೆ ಹಾಕಿ ಅಂದಿದ್ದರು. ನಿಜವಾಗಿ ಎಷ್ಟು ಹೊತ್ತು ಹಾಕಿದರು ಅಂತ ಬ್ರೇಸ್‌ನೊಳಗಿನ ಶಾಖದ ಸೆನ್ಸರ್ ಅಳೆಯಿತು. ದಿನಕ್ಕೆ ಸರಾಸರಿ 13 ಗಂಟೆಯಷ್ಟು ಅಥವಾ ಅದಕ್ಕಿಂತ ಜಾಸ್ತಿ ಹಾಕಿದವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿಗೆ ಫಲ ಸಿಕ್ಕಿತ್ತು. ಇನ್ನೊಂದು ಅಂಶವನ್ನೂ ಮರೆಯಬಾರದು. ಬ್ರೇಸ್ ಇಲ್ಲದೆಯೂ ಅರ್ಧದಷ್ಟು ಮಕ್ಕಳು ಪಾರಾದರು. ‘ನಮ್ಮ ಎಣ್ಣೆ ತಿಕ್ಕಿ ಡೊಂಕು ನಿಂತಿತು’ ಅನ್ನುವ ಕಥೆಗಳು ಹುಟ್ಟುವುದು ಇಂಥ ಮಕ್ಕಳಿಂದಲೇ.

45-50 ಡಿಗ್ರಿ ದಾಟಿದರೆ ಆಪರೇಷನ್ ಮಾತು ಬರುತ್ತದೆ. ಅಷ್ಟು ದೊಡ್ಡ ಡೊಂಕು ಬೆಳವಣಿಗೆ ಮುಗಿದ ಮೇಲೂ ನಿಧಾನಕ್ಕೆ ಬೆಳೆಯುತ್ತಾ ಹೋಗುತ್ತದೆ. ಪತ್ರಿಕೆಗಳು ಇದನ್ನು ‘ಬೆನ್ನುಹುರಿ ಶಸ್ತ್ರಚಿಕಿತ್ಸೆ’ ಅಂತ ಬರೆಯುತ್ತವೆ. ಬೆನ್ನುಹುರಿ ಅಂದರೆ ಮೂಳೆಯೊಳಗೆ ಇಳಿದಿರುವ ನರಗಳ ಕಟ್ಟು. ಆಪರೇಷನ್ ನಡೆಯುವುದು ಮೂಳೆಯ ಮೇಲೆ. ಹುರಿಗೆ ಏನೂ ಆಗದಂತೆ ಕಾಯುವುದೇ ಇಡೀ ತಂಡದ ಚಿಂತೆ. 70ರ ದಶಕದಲ್ಲಿ ಆಪರೇಷನ್ ಮಧ್ಯೆ ರೋಗಿಯನ್ನು ಅರೆ ಎಚ್ಚರಿಸಿ ‘ಕಾಲು ಆಡಿಸು’ ಅನ್ನುವ ಪದ್ಧತಿ ಬಂತು. ಈಗ ಯಂತ್ರಗಳು ನರದ ಸಂಕೇತಗಳನ್ನು ಉದ್ದಕ್ಕೂ ನೋಡುತ್ತಿರುತ್ತವೆ.

‘ರಾಡ್ ಹಾಕಿ ನೆಟ್ಟಗೆ ಮಾಡ್ತಾರೆ’ ಅನ್ನುವುದೂ ಅರ್ಧ ಸತ್ಯ. ನ್ಯೂಯಾರ್ಕಿನ ರಸೆಲ್ ಹಿಬ್ಸ್ 1911ರಲ್ಲೇ ಬೆನ್ನುಮೂಳೆಗಳನ್ನು ಒಂದಕ್ಕೊಂದು ಬೆಸೆದಾಗ ರಾಡ್ ಇರಲೇ ಇಲ್ಲ. ಹ್ಯೂಸ್ಟನ್‌ನಲ್ಲಿ ಪೋಲಿಯೊ ಮಕ್ಕಳಿಗೆ ಚಿಕಿತ್ಸೆ ಕೊಡುತ್ತಿದ್ದ ಪಾಲ್ ಹ್ಯಾರಿಂಗ್ಟನ್ ತಮ್ಮ ರಾಡ್ ಬಗ್ಗೆ ಬರೆದದ್ದು 1962ರಲ್ಲಿ. ಅದು ಮೇಲೆ ಕೆಳಗೆ ಕೊಕ್ಕೆ ಹಾಕಿ ಬೆನ್ನನ್ನು ಹಿಗ್ಗಿಸುತ್ತಿತ್ತು. ಡೊಂಕೇನೋ ಕಡಿಮೆಯಾಯಿತು. ಆದರೆ ಸೊಂಟದ ಹತ್ತಿರ ಇರಬೇಕಾದ ಸಹಜ ಬಾಗೂ ಹೋಗಿ, ಹಲವರು ವರ್ಷಗಳ ನಂತರ ಮುಂದಕ್ಕೆ ವಾಲಿ ನಿಲ್ಲುವಂತಾಯಿತು. ಅತಿ ನೆಟ್ಟಗಿನ ಬೆನ್ನೂ ಒಂದು ತೊಂದರೆಯೇ. ಈಗ ಮೂಳೆಗಳಿಗೆ ಸ್ಕ್ರೂ ಹಾಕಿ, ರಾಡನ್ನು ಸಹಜ ಬಾಗಿಗೆ ತಕ್ಕಂತೆ ಬಗ್ಗಿಸಿ ಕೂರಿಸುತ್ತಾರೆ. ತಿರುಚನ್ನೂ ಸ್ವಲ್ಪ ಬಿಡಿಸುತ್ತಾರೆ.

ಆದರೆ ಕೊನೆಗೆ ಬೆನ್ನನ್ನು ಹಿಡಿದಿಡುವುದು ರಾಡಲ್ಲ, ಬೆಸೆದುಕೊಂಡ ಮೂಳೆ. ತಿಂಗಳುಗಳ ಮೇಲೆ ಆ ಭಾಗ ಒಂದೇ ಮೂಳೆಯಾಗುತ್ತದೆ, ಆಮೇಲೆ ಅಷ್ಟು ಭಾಗ ಬಗ್ಗುವುದಿಲ್ಲ. ಸರ್ಜನ್‌ಗಳು ಸೊಂಟದ ಭಾಗದ ಬೆನ್ನುಮೂಳೆಯ ಕೆಳಗಿನ ಕೀಲುಗಳನ್ನು ಆದಷ್ಟು ಮುಟ್ಟದೆ ಬಿಡಲು ನೋಡುವುದು ಇದಕ್ಕೇ. ಬೆಸೆಯದೆ ಡೊಂಕು ಉಬ್ಬಿದ ಬದಿಯಲ್ಲಿ ಮೂಳೆಗಳಿಗೆ ಹಗ್ಗದಂಥ ಎಳೆ ಬಿಗಿದು ಬೆಳವಣಿಗೆಯನ್ನೇ ತಿದ್ದುವ ಹೊಸ ವಿಧಾನಕ್ಕೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಇನ್ನೂ ಬೆಳೆಯುತ್ತಿರುವ ಆಯ್ದ ಮಕ್ಕಳಿಗೆ ಮಾತ್ರ. ಬೆಸೆದ ಮೇಲೆ ರಾಡ್ ತೆಗೆಸಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಸೋಂಕು, ನೋವು ಇಲ್ಲವೇ ರಾಡ್ ಮುರಿಯುವಂಥ ತೊಂದರೆ ಆಗದಿದ್ದರೆ ಅದನ್ನು ಒಳಗೇ ಬಿಡುತ್ತಾರೆ.